ಸೇತುವೆಯ ಎರಡು ತುದಿ, ನಾಲ್ಕು ಫೋನು

ಸಿಂಗಪುರ ಮತ್ತು ಮಲೇಷಿಯಾ ಪ್ರವಾಸಕ್ಕೆ ವಿಮಾನದ ಟಿಕೆಟ್ ಕಾದಿರಿಸಲು ನನಗೆ ಒಂದು ಸಂಜೆ ಸಾಕಾಯಿತು. ಅಲ್ಲಿ ಯಾವ ಮೊಬೈಲ್ ಡೇಟಾ ಬಳಸಬೇಕೆಂದು ತೀರ್ಮಾನಿಸಲು ಮೂರು ವಾರ ಹಿಡಿಯಿತು. ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಪಿಯುಸಿ ಓದುತ್ತಿರುವ ಮಗಳು ಮತ್ತು ಶಿರಸಿ ಕಡೆಯ ಊರಿನಿಂದ ಬಂದಿದ್ದ ಎಪ್ಪತ್ತೆರಡರ ಅಪ್ಪ, ಹೀಗೆ ನಾಲ್ವರು ಹೊರಟಿದ್ದೆವು. ಬೆಂಗಳೂರಿನಿಂದ ಸಿಂಗಪುರಕ್ಕೆ ಹಾರಿ, ಅಲ್ಲಿ ಮೂರು ರಾತ್ರಿ ಕಳೆದು, ರಸ್ತೆಯ ಮೂಲಕ ಮಲೇಷಿಯಾ ಸೇರಿ, ಮಲಾಕಾದಲ್ಲಿ ಎರಡು ರಾತ್ರಿ, ಕ್ಯಾಮರಾನ್ ಹೈಲ್ಯಾಂಡ್ಸ್‌ನಲ್ಲಿ ಎರಡು, ಕೌಲಾಲಂಪುರದಲ್ಲಿ ಮೂರು ರಾತ್ರಿ ಉಳಿದು, ಹನ್ನೊಂದನೆಯ ದಿನ ಮತ್ತೆ ಬಸ್ಸಿನಲ್ಲೇ ಸಿಂಗಪುರಕ್ಕೆ ಮರಳಿ ರಾತ್ರಿಯ ವಿಮಾನ ಹತ್ತುವುದೆಂದು ಗೊತ್ತುಮಾಡಿಕೊಂಡಿದ್ದೆವು.

ಒಂದೇ ದೇಶಕ್ಕೆ ಹೋಗುವವರು ಎಷ್ಟು ಜಿಬಿ, ಎಷ್ಟು ರೂಪಾಯಿ ಎಂದು ನೋಡಿದರೆ ಹೆಚ್ಚುಕಡಿಮೆ ಕೆಲಸ ಮುಗಿಯುತ್ತದೆ. ನಮ್ಮದು ಹಾಗಲ್ಲವೆಂಬುದು ಎರಡು ದೇಶಗಳ ಆಗಮನ ಪತ್ರದ ನಿಯಮ ಓದಿದಾಗಲೇ ತಿಳಿಯಿತು. ಸಿಂಗಪುರಕ್ಕೆ ಬರುವವರು ಬರುವ ದಿನವೂ ಸೇರಿ ಮೂರು ದಿನಗಳ ಒಳಗೆ ಅದರ ಆಗಮನ ಪತ್ರವನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಮಲೇಷಿಯಾ ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ ವೀಸಾ ಇಲ್ಲದೆ ಮೂವತ್ತು ದಿನ ಇರಲು ಅವಕಾಶ ಕೊಟ್ಟಿದೆಯಾದರೂ, ಅಲ್ಲಿಯದೂ ಒಂದು ಡಿಜಿಟಲ್ ಆಗಮನ ಪತ್ರವಿದ್ದು, ಅದಕ್ಕೂ ಮೂರು ದಿನಗಳದೇ ಗಡುವು. ಎಂದರೆ ನಾಲ್ಕನೆಯ ದಿನ ಮಲೇಷಿಯಾ ಹೊಗುವುದಕ್ಕೆ ಸಿಂಗಪುರದಲ್ಲಿ ಕೂತು ತುಂಬಬೇಕು, ಹನ್ನೊಂದನೆಯ ದಿನ ಸಿಂಗಪುರಕ್ಕೆ ಮರಳುವುದಕ್ಕೆ ಮಲೇಷಿಯಾದಲ್ಲಿ ಕೂತು ತುಂಬಬೇಕು. ಮನೆಯಲ್ಲೇ ಎಲ್ಲ ಕಾಗದಪತ್ರ ಮುಗಿಸಿ, ಪ್ರಿಂಟ್ ತೆಗೆದು, ಫೈಲಿಗೆ ಸೇರಿಸಿ ಹೊರಡುವ ನನ್ನ ಹಳೆಯ ಅಭ್ಯಾಸ ಇಲ್ಲಿ ನಡೆಯುವಂತಿರಲಿಲ್ಲ. ಹೋಟೆಲಿನ ವೈಫೈ ಬಿಟ್ಟು ಹೊರಬಿದ್ದ ಮೇಲೆ, ಮುಂದಿನ ಹೋಟೆಲಿನ ವೈಫೈ ಸಿಗುವವರೆಗಿನ ಏಳೆಂಟು ತಾಸು ನಮಗೆ ನಿಜವಾಗಿ ಡೇಟಾ ಬೇಕಾಗಿತ್ತು, ಮತ್ತು ಆ ತಾಸುಗಳ ನಟ್ಟನಡುವೆ ಗಡಿಯಿತ್ತು.

ಮೊದಲು ನಮ್ಮ ಬಳಕೆಯನ್ನೇ ಅಳೆದು ನೋಡೋಣವೆಂದು ನನ್ನ ಫೋನಿನ ಡೇಟಾ ಮೀಟರನ್ನು ಸೊನ್ನೆಗೆ ತಂದು ಒಂದು ವಾರ ಬಿಟ್ಟೆ. ಬೆಂಗಳೂರಿನಲ್ಲಿ ಆಫೀಸಿಗೆ ಓಡಾಡುವ ಆ ಏಳು ದಿನಗಳಲ್ಲಿ 5.8 ಜಿಬಿ ಖರ್ಚಾಗಿತ್ತು. ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಜಿಬಿಗೂ ಮಿಕ್ಕಿ ವಿಡಿಯೊಗಳದೇ. ವಾಟ್ಸ್ಆ್ಯಪ್ ಮುಕ್ಕಾಲು ಜಿಬಿಯ ಹತ್ತಿರ. ಉಳಿದುದರಲ್ಲಿ ಫೋಟೊಗಳ ಬ್ಯಾಕಪ್ ದೊಡ್ಡ ಪಾಲು ನುಂಗಿತ್ತು. ನಾನು ಬಹಳ ಭಯಪಟ್ಟಿದ್ದ ಮ್ಯಾಪ್ ಇಡೀ ವಾರಕ್ಕೆ 0.2 ಜಿಬಿಯನ್ನೂ ಮುಟ್ಟಿರಲಿಲ್ಲ. ಪ್ರವಾಸದಲ್ಲಿ ಬ್ಯಾಕಪ್ಪನ್ನು ವೈಫೈಗೆ ಮಾತ್ರ ಬಿಟ್ಟು, ಎರಡೂ ದೇಶಗಳ ನಕ್ಷೆಗಳನ್ನು ಮೊದಲೇ ಇಳಿಸಿಕೊಂಡು, ರೀಲುಗಳನ್ನು ಹೋಟೆಲಿನ ಪಾಲಿಗೆ ಮೀಸಲಿಟ್ಟರೆ ಒಬ್ಬರಿಗೆ ದಿನಕ್ಕೆ ಅರ್ಧ ಜಿಬಿ ಧಾರಾಳವಾಯಿತು ಎಂಬ ಲೆಕ್ಕಕ್ಕೆ ಬಂದೆ. ಮಗಳು ಈ ಲೆಕ್ಕವನ್ನು ಒಪ್ಪಲಿಲ್ಲವೆಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಎಲ್ಲಕ್ಕಿಂತ ಸುಲಭದ ದಾರಿ ನಮ್ಮ ಭಾರತದ ಸಿಮ್‌ಗಳಿಗೇ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸುವುದು. ಸಿಮ್ ಬದಲಿಸುವ ಗೋಜಿಲ್ಲ, ಓಟಿಪಿ ಬರುತ್ತದೆ, ಒಂದೇ ಪ್ಯಾಕ್ ಎರಡೂ ದೇಶಗಳಲ್ಲಿ ನಡೆಯುತ್ತದೆ. ಆದರೆ ನಾಲ್ವರಿಗೂ ಹಾಕಿಸಿದರೆ ಹತ್ತು ಸಾವಿರ ರೂಪಾಯಿ ದಾಟುತ್ತಿತ್ತು. ದಿನದ ಲೆಕ್ಕದ ಪ್ಯಾಕುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: 'ಒಂದು ದಿನ' ಎಂದರೆ ಮೊದಲ ಬಳಕೆಯಿಂದ 24 ಗಂಟೆಯೋ ಅಥವಾ ಭಾರತದ ಮಧ್ಯರಾತ್ರಿಯವರೆಗೋ ಎಂಬುದನ್ನು ಕೇಳಿ ತಿಳಿಯಬೇಕು. ಸಿಂಗಪುರ, ಮಲೇಷಿಯಾಗಳೆರಡೂ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ನಮ್ಮ ಮಧ್ಯರಾತ್ರಿ ಅಲ್ಲಿ ನಸುಕಿನ ಎರಡೂವರೆ. ಗ್ರಾಹಕ ಸೇವೆಗೆ ಎರಡು ಸಲ ಕರೆ ಮಾಡಿದೆ, ಎರಡು ಬೇರೆ ಬೇರೆ ಉತ್ತರ ಬಂತು. ಅಲ್ಲಿಗೆ ಆ ವಿಚಾರ ಕೈಬಿಟ್ಟೆ. ಆದರೆ ನನ್ನ ಮತ್ತು ಅಪ್ಪನ ಭಾರತದ ಸಿಮ್‌ಗಳಲ್ಲಿ ರೋಮಿಂಗ್ ಸೌಲಭ್ಯವನ್ನು ಮಾತ್ರ ತೆರೆಸಿಕೊಂಡೆ. ಪ್ಯಾಕ್ ಇಲ್ಲದಿದ್ದರೂ ನಮ್ಮ ಕಂಪನಿಯಲ್ಲಿ ಒಳಬರುವ ಎಸ್ಸೆಮ್ಮೆಸ್ಸಿಗೆ ಶುಲ್ಕವಿಲ್ಲ, ಹಾಗಾಗಿ ಬ್ಯಾಂಕಿನ ಓಟಿಪಿಗೆ ಅದೇ ಸಾಕು. ಕರೆಗಳ ದರ ಮಾತ್ರ ಎದೆ ಝಲ್ಲೆನ್ನಿಸುವಂಥದು. ಅಪ್ಪನ ಪ್ರೀಪೇಯ್ಡ್ ಸಂಖ್ಯೆಗೆ 'ಇರಲಿ' ಎಂದು ನೂರು ರೂಪಾಯಿಯ ಟಾಪ್‌ಅಪ್ ಹಾಕಿಸಿದೆ. ಈ ನೂರು ರೂಪಾಯಿಯ ಕಥೆ ಮುಂದೆ ಬರುತ್ತದೆ.

ಎರಡನೆಯ ದಾರಿ ಅಲ್ಲಲ್ಲಿಯ ಸಿಮ್ ಅಲ್ಲಲ್ಲೇ ಕೊಳ್ಳುವುದು. ಸಿಂಗಪುರದಲ್ಲಿ ಸಿಂಗ್‌ಟೆಲ್, ಸ್ಟಾರ್‌ಹಬ್, ಎಂ1 ಇವೆ. ಮಲೇಷಿಯಾದಲ್ಲಿ ಮ್ಯಾಕ್ಸಿಸ್, ಯು ಮೊಬೈಲ್ ಮತ್ತು 2022ರ ಕೊನೆಯಲ್ಲಿ ಎರಡು ಕಂಪನಿಗಳು ಒಂದಾಗಿ ಹುಟ್ಟಿದ ಸೆಲ್ಕಾಮ್‌ಡಿಜಿ ಇವೆ. ಎರಡೂ ಕಡೆ ಪಾಸ್‌ಪೋರ್ಟ್ ತೋರಿಸಿದರೆ ನಿಮಿಷಗಳಲ್ಲಿ ಸಿಮ್ ಕೈಗೆ ಬರುತ್ತದೆ, ಜಿಬಿಗಳಂತೂ ನಾವು ಮುಗಿಸಲಾರದಷ್ಟು. ಸ್ಥಳೀಯ ಸಿಮ್ಮಿನ ತೊಂದರೆ ಏನೆಂದರೆ ಅದು ಗಡಿಗೆ ಮುಗಿಯುತ್ತದೆ. ಸಿಂಗಪುರದ ಪ್ರವಾಸಿ ಸಿಮ್‌ಗಳಲ್ಲಿ ಮಲೇಷಿಯಾಕ್ಕೂ ಕೆಲವು ಜಿಬಿ ಸೇರಿಸಿ ಕೊಡುವವು ಉಂಟು. ಆದರೆ ನೂರು ಜಿಬಿ ಎಂದು ದಪ್ಪಕ್ಷರದಲ್ಲಿ ಬರೆದ ಪ್ಯಾಕಿನಲ್ಲಿ ಗಡಿಯಾಚೆಗೆ ಸಲ್ಲುವುದು ಅದರ ಸಣ್ಣ ತುಣುಕು ಮಾತ್ರವೆಂಬುದು ಸಣ್ಣಕ್ಷರದಲ್ಲಿರುತ್ತದೆ. ನಾವು ಹೆಚ್ಚು ದಿನ ಇರುವುದು ಮಲೇಷಿಯಾದಲ್ಲಿ, ಕೊಳ್ಳುವ ಸಿಮ್ ಸಿಂಗಪುರದ್ದು; ಲೆಕ್ಕ ತಲೆಕೆಳಗಾಗುತ್ತಿತ್ತು.

ಮೂರನೆಯದು ಪ್ರಯಾಣದ ಇ-ಸಿಮ್. ಪ್ಲಾಸ್ಟಿಕ್ ಕಾರ್ಡಿಲ್ಲದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನೊಳಗೇ ಇಳಿದು ಕೂರುವ ಈ ಸಿಮ್‌ಗಳಲ್ಲಿ ಸಿಂಗಪುರ, ಮಲೇಷಿಯಾ ಎರಡಕ್ಕೂ ಸೇರಿ ಒಂದೇ ಪ್ಲ್ಯಾನ್ ಸಿಗುತ್ತದೆ. ಎಲ್ಲರೂ ಹೇಳುವ ಎರಡು ಹೆಸರಾಂತ ಆ್ಯಪ್‌ಗಳನ್ನು ಹುಡುಕಿದರೆ ಸ್ಟೋರಿನಲ್ಲಿ ಕಾಣಲೇ ಇಲ್ಲ. ವಿದೇಶಿ ಸಿಮ್ ಅಥವಾ ಇ-ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಅವನ್ನು ಇಲ್ಲಿನ ಸ್ಟೋರುಗಳಿಂದ ತೆಗೆಸಲಾಗಿತ್ತು. ಕೊನೆಗೆ ಅನುಮತಿ ಪಡೆದ ಭಾರತದ ಮಾರಾಟಗಾರರೊಬ್ಬರಿಂದಲೇ ಕೊಂಡೆ. ಪಾಸ್‌ಪೋರ್ಟ್, ವೀಸಾ ಮತ್ತು ಟಿಕೆಟಿನ ಪ್ರತಿಗಳನ್ನು ಕೇಳಿದರು, ಕೊಟ್ಟೆ.

ಪ್ಲ್ಯಾನುಗಳ ನಡುವೆ ಆರಿಸುವಾಗ 'ಅನಿಯಮಿತ' ಎಂಬ ಪದದ ಮುಂದೆ ನಾನು ಬಹಳ ಹೊತ್ತು ನಿಂತೆ. ಬೆಲೆ ಸ್ವಲ್ಪವೇ ಹೆಚ್ಚು, ಆಸೆ ಹುಟ್ಟಿಸುವಂತಿತ್ತು. ಷರತ್ತುಗಳನ್ನು ಬಿಚ್ಚಿ ಓದಿದಾಗ ದಿನಕ್ಕೆ ಒಂದು ಜಿಬಿ ದಾಟಿದ ಮೇಲೆ ವೇಗ 512 ಕೆಬಿಪಿಎಸ್‌ಗೆ ಇಳಿಯುತ್ತದೆಂದೂ, ಹಾಟ್‌ಸ್ಪಾಟ್, ಎಂದರೆ ಒಂದು ಫೋನಿನ ಡೇಟಾವನ್ನು ಇನ್ನೊಂದಕ್ಕೆ ಹಂಚುವುದು, ಕೊಡುವಂತಿಲ್ಲವೆಂದೂ ತಿಳಿಯಿತು. ನಾಲ್ವರಲ್ಲಿ ಇಬ್ಬರು ಹಾಟ್‌ಸ್ಪಾಟಿನಲ್ಲೇ ಬದುಕಬೇಕಾದ ನಮ್ಮಂಥ ಸಂಸಾರಕ್ಕೆ ಆ ಎರಡನೆಯ ಷರತ್ತು ಒಪ್ಪುವಂಥದಲ್ಲ. ನನಗೊಂದು, ಹೆಂಡತಿಗೊಂದು, ತಲಾ 10 ಜಿಬಿ, 10 ದಿನ, ಹಾಟ್‌ಸ್ಪಾಟಿಗೆ ಅಡ್ಡಿಯಿಲ್ಲ ಎಂಬುದನ್ನು ಆರಿಸಿದೆ. ಒಂದಕ್ಕೆ ಸುಮಾರು 1,400 ರೂಪಾಯಿ. ಮೊದಲ ಬಾರಿಗೆ ಆ ದೇಶದ ನೆಟ್‌ವರ್ಕಿನಲ್ಲಿ ಡೇಟಾ ಬಳಸಿದಾಗ ದಿನಗಳ ಎಣಿಕೆ ಆರಂಭವಾಗುತ್ತದೆ ಎಂದಿದ್ದರು. ಅದನ್ನು ಓದಿ ಸಮಾಧಾನಪಟ್ಟೆನೇ ಹೊರತು, ನಮ್ಮ ಪ್ರವಾಸ ಹನ್ನೊಂದು ತಾರೀಖುಗಳನ್ನು ಮುಟ್ಟುತ್ತದೆಂಬ ಸಣ್ಣ ಕೂಡಿಸುವ ಲೆಕ್ಕವನ್ನು ಮಾಡಲಿಲ್ಲ.

ಫೋನುಗಳ ಸರದಿ ಬಂತು. ಡಯಲ್ ಪರದೆಯಲ್ಲಿ *#06# ಒತ್ತಿದರೆ ಫೋನಿನ ಗುರುತಾದ ಐಎಂಇಐ ಸಂಖ್ಯೆಗಳು ಬರುತ್ತವೆ. ಇ-ಸಿಮ್ ಹಿಡಿಸುವ ಫೋನಾದರೆ ಅದರ ಜೊತೆಗೆ ಇಐಡಿ ಎಂಬ 32 ಅಂಕಿಗಳ ಉದ್ದನೆಯ ಸಂಖ್ಯೆಯೂ ಕಾಣುತ್ತದೆ. ನನ್ನದರಲ್ಲೂ ಹೆಂಡತಿಯದರಲ್ಲೂ ಅದಿತ್ತು, ಮಗಳದರಲ್ಲಿ ಮತ್ತು ಅಪ್ಪನದರಲ್ಲಿ ಇರಲಿಲ್ಲ. ಅಪ್ಪ ತಮ್ಮ ಗುಂಡಿಯ ಹಳೆಯ 2ಜಿ ಫೋನನ್ನೇ ತರುತ್ತೇನೆಂದು ಹಟ ಹಿಡಿದಿದ್ದರು. ಸಿಂಗಪುರದಲ್ಲಿ 2ಜಿ 2017ರ ಏಪ್ರಿಲ್‌ನಲ್ಲೇ ನಿಂತಿತು, 3ಜಿಯನ್ನೂ 2024ರಲ್ಲಿ ಮುಚ್ಚಿದರು, ಆ ಫೋನು ಅಲ್ಲಿ ಗಡಿಯಾರವಾಗಿ ಮಾತ್ರ ಕೆಲಸ ಮಾಡೀತು ಎಂದು ವಿವರಿಸಿದ ಮೇಲೆ ಅದನ್ನು ಬಿಟ್ಟು ತಮ್ಮ ಇನ್ನೊಂದು 4ಜಿ ಫೋನು ತಂದರು. ಅದರಲ್ಲಿ ಎರಡು ಸಿಮ್ಮಿಗೆ ಜಾಗವಿದೆ ಎಂದು ನಾನು ನಿಶ್ಚಿಂತನಾಗಿದ್ದೆ. ಟ್ರೇ ಹೊರಗೆಳೆದು ನೋಡಿದರೆ ಎರಡನೆಯ ಸಿಮ್ ಕೂರಬೇಕಾದ ಗೂಡಿನಲ್ಲಿ ಮೆಮೊರಿ ಕಾರ್ಡ್ ಕೂತಿತ್ತು. ಸಿಮ್ ಇಲ್ಲವೇ ಕಾರ್ಡ್, ಎರಡರಲ್ಲಿ ಒಂದೇ. ಆ ಕಾರ್ಡಿನಲ್ಲಿ ಅಪ್ಪ ಹತ್ತು ವರ್ಷಗಳಿಂದ ಊರೂರಲ್ಲಿ ಕೂತು ಧ್ವನಿಮುದ್ರಿಸಿಕೊಂಡ ತಾಳಮದ್ದಳೆಗಳಿದ್ದವು. "ಅದನ್ನ ತೆಗೆಯೋದಾದ್ರೆ ನಂಗೆ ಫೋನೇ ಬೇಡ" ಎಂದರು. ಫೋನಿನ ಒಳ ಸಂಗ್ರಹಕ್ಕೆ ನಕಲು ಮಾಡೋಣವೆಂದರೆ ಅಲ್ಲಿ ಮೊಮ್ಮಗಳು ಕಳಿಸಿದ ವಿಡಿಯೊಗಳು ತುಂಬಿ ತುಳುಕುತ್ತಿದ್ದವು. ಅಪ್ಪ ನಮ್ಮ ಹಾಟ್‌ಸ್ಪಾಟಿನಲ್ಲೇ ಇರಲಿ, ಹೇಗೂ ಜೊತೆಯಲ್ಲೇ ಇರುತ್ತೇವಲ್ಲ ಎಂದು ತೀರ್ಮಾನಿಸಿದೆವು.

ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಎರಡೂ ಇ-ಸಿಮ್ ಇಳಿಸಿಕೊಂಡೆವು. ಇದನ್ನು ವಿಮಾನ ನಿಲ್ದಾಣಕ್ಕೆ ಬಿಡಬಾರದು. ಕ್ಯೂಆರ್ ಕೋಡ್ ನಮ್ಮದೇ ಫೋನಿನ ಇಮೇಲಿನಲ್ಲಿರುತ್ತದೆ, ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆಂದು ಯೋಚಿಸುವಷ್ಟು ವ್ಯವಧಾನ ಅಲ್ಲಿ ಇರುವುದಿಲ್ಲ. ಬಳಿಕ ನಾನು ಊಟದ ಮೇಜಿನ ಮುಂದೆ ನಿಂತು, ಯಾರೂ ಯಾವ ಕಾರಣಕ್ಕೂ ಡೇಟಾ ರೋಮಿಂಗ್ ಆನ್ ಮಾಡಕೂಡದೆಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದೆ.

ಬೆಳಗಿನ ಏಳಕ್ಕೆ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಇ-ಸಿಮ್ ಲೈನಿನಲ್ಲಿ ಸಿಗ್ನಲ್ಲಿನ ನಾಲ್ಕೂ ಗೀಟು ನಿಂತಿದ್ದವು, ಇಂಟರ್ನೆಟ್ ಮಾತ್ರ ಒಂದು ಹನಿಯೂ ಇರಲಿಲ್ಲ. ಫೋನು ಆರಿಸಿ ಹಚ್ಚಿದೆ, ಏರೋಪ್ಲೇನ್ ಮೋಡ್ ಹಾಕಿ ತೆಗೆದೆ, ನೆಟ್‌ವರ್ಕ್ ಕೈಯಾರೆ ಆರಿಸಿದೆ. ನಿಲ್ದಾಣದ ಉಚಿತ ವೈಫೈಗೆ ಸೇರಿ ಮಾರಾಟಗಾರರ ಸೂಚನೆಗಳನ್ನು ಮತ್ತೆ ತೆರೆದರೆ ಮೂರನೆಯ ಸಾಲಿನಲ್ಲೇ ಬರೆದಿತ್ತು: ಇ-ಸಿಮ್ ಲೈನಿಗೆ ಡೇಟಾ ರೋಮಿಂಗ್ ಆನ್ ಮಾಡಿ. ಪ್ರಯಾಣದ ಇ-ಸಿಮ್ ಬಹುಮಟ್ಟಿಗೆ ಆ ದೇಶದ್ದಾಗಿರುವುದಿಲ್ಲ. ಮೂರನೆಯ ಯಾವುದೋ ದೇಶದ ಕಂಪನಿಯ ಸಿಮ್ ಅದು. ಸಿಂಗಪುರದಲ್ಲೂ ಮಲೇಷಿಯಾದಲ್ಲೂ ಅದು ನಮ್ಮಂತೆಯೇ ಅತಿಥಿ. ಹಾಗಾಗಿ ರೋಮಿಂಗ್ ಆನ್ ಇದ್ದರೇನೇ ಅದಕ್ಕೆ ಬದುಕು. ಭಾರತದ ಲೈನಿಗೆ ಡೇಟಾ ರೋಮಿಂಗ್ ಆಫ್, ಇ-ಸಿಮ್ ಲೈನಿಗೆ ಆನ್, ಮತ್ತು ಒಂದು ಲೈನಿನ ಡೇಟಾ ಸೋತಾಗ ತಾನಾಗಿ ಇನ್ನೊಂದಕ್ಕೆ ಜಿಗಿಯುವ ಆಯ್ಕೆ ಆಫ್: ಹೇಳಬೇಕಾಗಿದ್ದ ಅಪ್ಪಣೆ ಇದು. ನನ್ನದು ಆನ್ ಆದಾಗ ಗಂಟೆ ಏಳು ಹದಿನೈದು. ಹೆಂಡತಿ ಏನೂ ಮಾತಾಡದೆ ತನ್ನ ಫೋನಿನಲ್ಲೂ ಆನ್ ಮಾಡಿಕೊಂಡಳು.

ನಮ್ಮ ಇ-ಸಿಮ್ ಎಲ್ಲಿಯದೆಂಬುದು ಅದೇ ದಿನ ಸಂಜೆ ಗೊತ್ತಾಯಿತು. ಅಪ್ಪ ಹೋಟೆಲಿಗೆ ಬರುವ ದಾರಿಯಲ್ಲಿ ನನ್ನ ಹಾಟ್‌ಸ್ಪಾಟಿನಲ್ಲಿ ಟಿವಿ ಆ್ಯಪ್ ತೆರೆದಾಗ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂದಿತು. ಐಪಿ ವಿಳಾಸ ತೋರಿಸುವ ತಾಣವನ್ನು ನೋಡಿದರೆ ನಾವು ಹಾಂಗ್‌ಕಾಂಗಿನಲ್ಲಿದ್ದೇವೆ ಎಂದಿತು. ಟವರ್ ಸಿಂಗಪುರದ್ದೇ ಆದರೂ ನಮ್ಮ ಪ್ರತಿ ಕೋರಿಕೆಯೂ ಮೊದಲು ಸಿಮ್ಮಿನ ತವರಾದ ಹಾಂಗ್‌ಕಾಂಗಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಇಳಿಯುತ್ತಿತ್ತು. ಹೋಟೆಲಿನ ವೈಫೈನಲ್ಲಿ ಸಿಂಗಪುರದ ಸರ್ವರೊಂದು ಐದಾರು ಮಿಲಿಸೆಕೆಂಡಿನಲ್ಲಿ ಓಗೊಟ್ಟರೆ, ಇ-ಸಿಮ್ಮಿನಲ್ಲಿ ಅದೇ ಸರ್ವರಿಗೆ ಎಂಬತ್ತರ ಹತ್ತಿರ ಬೇಕಾಗುತ್ತಿತ್ತು. ಬ್ಯಾಂಕಿನ ಆ್ಯಪ್ ತಕರಾರು ಮಾಡಲಿಲ್ಲ, ಟ್ಯಾಕ್ಸಿಯ ಆ್ಯಪ್ ಮಾಡಲಿಲ್ಲ, ಮ್ಯಾಪ್ ಮಾಡಲಿಲ್ಲ. ಬಳಕೆಯಲ್ಲಿ ವ್ಯತ್ಯಾಸ ತಿಳಿದದ್ದು ವಿಡಿಯೊ ಕರೆಯಲ್ಲಿ ಮಾತಿಗೂ ತುಟಿಗೂ ಸ್ವಲ್ಪ ಅಂತರ ಬಿದ್ದಾಗ ಮಾತ್ರ. ಕೊಳ್ಳುವ ಮುನ್ನ ಇದನ್ನು ಕೇಳಬಹುದೆಂದೂ ನನಗೆ ತಿಳಿದಿರಲಿಲ್ಲ.

ಮಲೇಷಿಯಾದ ಆಗಮನ ಪತ್ರವನ್ನು ಎರಡನೆಯ ರಾತ್ರಿ ಹೋಟೆಲಿನಲ್ಲೇ ನಾಲ್ವರಿಗೂ ತುಂಬಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹುಡುಕಿದರೆ ಸರ್ಕಾರದ್ದರಂತೆಯೇ ಕಾಣುವ, ಸೇವಾ ಶುಲ್ಕ ಕೇಳುವ ತಾಣಗಳು ಮೇಲೆ ತೇಲಿಬರುತ್ತವೆ. ಕಾರ್ಡಿನ ಸಂಖ್ಯೆ ಕೇಳಿದರೆ ಅದು ಬೇರೆಯವರ ಅಂಗಡಿ ಎಂದೇ ತಿಳಿಯಬೇಕು.

ನಾಲ್ಕನೆಯ ದಿನ ಗಡಿ. ಸಿಂಗಪುರದ ವುಡ್‌ಲ್ಯಾಂಡ್ಸ್ ಮತ್ತು ಮಲೇಷಿಯಾದ ಜೊಹೊರ್ ಬಾರು ನಡುವಿನ ಜಲಸಂಧಿಯ ಮೇಲೆ 1924ರಲ್ಲಿ ವಿಧ್ಯುಕ್ತವಾಗಿ ತೆರೆದ ಕಟ್ಟೆಸೇತುವೆಯ ಉದ್ದ ಕೇವಲ 1,056 ಮೀಟರ್. ಈಚೆ ಇಳಿದು, ಸಾಮಾನು ಹೊತ್ತು, ಸಿಂಗಪುರದ ವಲಸೆ ತಪಾಸಣೆ ಮುಗಿಸಿ, ಮತ್ತೆ ಬಸ್ ಹತ್ತಿ, ಸೇತುವೆ ದಾಟಿ, ಆಚೆ ಮತ್ತೆ ಇಳಿದು, ಮಲೇಷಿಯಾದ ತಪಾಸಣೆ ಮುಗಿಸಬೇಕು. ಸಿಂಗಪುರದ ತಪಾಸಣೆ ಮುಗಿಸಿ ಬಸ್ಸುಗಳು ನಿಲ್ಲುವ ಕೆಳ ಅಂತಸ್ತಿಗೆ ಇಳಿಯುವಾಗ ಜನವೋ ಜನ. ನನ್ನ ಫೋನಿನ ಭಾರತದ ಲೈನಿಗೆ 'ಮಲೇಷಿಯಾಕ್ಕೆ ಸ್ವಾಗತ' ಎಂಬ ಎಸ್ಸೆಮ್ಮೆಸ್ ಬಂತು. ನಾವಿನ್ನೂ ಸಿಂಗಪುರದ ನೆಲದ ಮೇಲೇ ಇದ್ದೆವು. ಜಲಸಂಧಿ ಎಷ್ಟು ಕಿರಿದೆಂದರೆ ಆಚೆಯ ಟವರುಗಳ ಸಿಗ್ನಲ್ ಈಚೆಗೂ, ಈಚೆಯದು ಆಚೆಗೂ ಚಾಚಿಕೊಂಡಿರುತ್ತದೆ. ಇ-ಸಿಮ್ ಕೂಡ ಯಾವಾಗಲೋ ಮಲೇಷಿಯಾದ ನೆಟ್‌ವರ್ಕಿಗೆ ನೆಗೆದಿತ್ತು, ಇಂಟರ್ನೆಟ್ ಒಂದು ಗಳಿಗೆಯೂ ನಿಂತಿರಲಿಲ್ಲ. ಸಿಂಗಪುರಕ್ಕೆ ಮಾತ್ರ ಸಲ್ಲುವ ಸಿಮ್ ಇದ್ದಿದ್ದರೆ ಇಲ್ಲೇ ತಡವರಿಸುತ್ತಿತ್ತಲ್ಲ ಎಂದು ನನ್ನ ಆಯ್ಕೆಯನ್ನು ನಾನೇ ಮೆಚ್ಚಿಕೊಂಡು ತಲೆಯೆತ್ತಿ ನೋಡಿದರೆ ಅಪ್ಪ ಇರಲಿಲ್ಲ.

ಹಾಟ್‌ಸ್ಪಾಟಿನ ಕೈ ಎಷ್ಟು ಮಾರು ಉದ್ದ ಎಂಬುದು ಆಗ ಅರಿವಿಗೆ ಬಂತು. ವಾಟ್ಸ್ಆ್ಯಪ್ ಕರೆ ಹೋಗುತ್ತಿರಲಿಲ್ಲ. ಭಾರತದ ಲೈನಿನಿಂದ ಅವರ ಭಾರತದ ಸಂಖ್ಯೆಗೇ ಕರೆ ಮಾಡಿದೆ. ಒಂದೇ ಸೂರಿನಡಿ ಇದ್ದ ಎರಡು ಫೋನುಗಳ ನಡುವಿನ ಆ ಕರೆ ಸಮುದ್ರ ದಾಟಿ ಭಾರತಕ್ಕೆ ಹೋಗಿ, ಅಲ್ಲಿಂದ ಮರಳಿ ಬರಬೇಕಿತ್ತು. ಮಾಡಿದ್ದಕ್ಕೆ ನನಗೆ ಶುಲ್ಕ, ಎತ್ತಿದ್ದಕ್ಕೆ ಅಪ್ಪನಿಗೆ ಶುಲ್ಕ. "ಹಳದಿ ಬಸ್ಸಿನ ಸಾಲಲ್ಲಿದ್ದೆ, ನೀವೆಲ್ಲ ಎಲ್ಲಿ" ಎಂದರು. "ಹಳದಿ ಬಸ್ಸಿನ ಸಾಲು ಎರಡಿದೆ, ಅಲ್ಲೇ ನಿಂತಿರಿ, ಹತ್ತಬೇಡಿ" ಎನ್ನುವಷ್ಟರಲ್ಲಿ ಕರೆ ಕಡಿದುಹೋಯಿತು. ನೂರು ರೂಪಾಯಿ ಮುಗಿದಿತ್ತು. 'ಹತ್ತಬೇಡಿ' ಎಂಬುದು ಕೇಳಿಸಿತ್ತೋ ಇಲ್ಲವೋ ತಿಳಿಯದೆ ಮಗಳು ಒಂದು ಸಾಲಿಗೆ, ನಾನು ಇನ್ನೊಂದಕ್ಕೆ ಓಡಿದೆವು. ಬಸ್ಸಿನ ಬಾಗಿಲಿಗೆ ಮೂರೇ ಜನ ಬಾಕಿಯಿದ್ದಾಗ ಮಗಳು ಅಜ್ಜನ ಕೈಹಿಡಿದು ಎಳೆದುಕೊಂಡು ಬಂದಳು.

ಜೊಹೊರ್ ಬಾರುವಿನಲ್ಲಿ ತಪಾಸಣೆ ಮುಗಿದ ಕೂಡಲೇ, ಊಟಕ್ಕೂ ಮೊದಲು, ಎದುರಿನ ಮಾಲ್‌ಗೆ ನುಗ್ಗಿ ಅಪ್ಪನಿಗೊಂದು ಮಲೇಷಿಯಾದ ಸಿಮ್ ಕೊಂಡೆ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ, 25 ರಿಂಗಿಟ್ ಪಡೆದು, ಐದು ನಿಮಿಷದಲ್ಲಿ ಕೊಟ್ಟರು. ಅಂಗಡಿಯವರ ಬಳಿ ಟ್ರೇ ತೆಗೆಯುವ ಪಿನ್ ಇದ್ದಿತ್ತೇನೋ, ಅದನ್ನು ಕೇಳುವ ಮೊದಲೇ ನನ್ನ ಹೆಂಡತಿ ಕಿವಿಯ ಓಲೆ ಬಿಚ್ಚಿ ಅದರ ತಿರುಪಿನ ಕಡ್ಡಿಯನ್ನು ತೂತಿಗೆ ಒತ್ತಿಬಿಟ್ಟಿದ್ದಳು. ಅಪ್ಪ ಈ ಸಲ ಏನೂ ಹೇಳಲಿಲ್ಲ. ಮೆಮೊರಿ ಕಾರ್ಡನ್ನು ತಾವೇ ಎರಡು ಬೆರಳಲ್ಲಿ ಹಿಡಿದು, ಬಸ್ಸಿನ ಚೀಟಿಯಲ್ಲಿ ನಾಲ್ಕು ಮಡಿಕೆ ಮಾಡಿ ಸುತ್ತಿ, ಪಾಸ್‌ಪೋರ್ಟಿನ ಕವಚದೊಳಗೆ ಸೇರಿಸಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಮುಂದಿನ ಒಂದು ವಾರ ಅವರು ದಿನಕ್ಕೆರಡು ಬಾರಿಯಾದರೂ ಆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮಲಾಕಾದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಊರು ಚಿಕ್ಕದು, ಸಿಗ್ನಲ್ ದಟ್ಟ. ಕ್ಯಾಮರಾನ್ ಹೈಲ್ಯಾಂಡ್ಸ್‌ನಲ್ಲಿ ನನ್ನ ಜಂಭ ಪೂರ್ತಿ ಇಳಿಯಿತು. ತಾಪಾದಿಂದ ಘಟ್ಟದ ರಸ್ತೆ ತಿರುವು ತಿರುವಾಗಿ ಏರಲಾರಂಭಿಸಿದ ಮೇಲೆ ನನ್ನ ಇ-ಸಿಮ್ ಕಣ್ಣುಮುಚ್ಚಾಲೆ ಆಡತೊಡಗಿತು. ತಾನಾ ರಾತಾ ಊರಿನಲ್ಲಿ ಪರವಾಗಿಲ್ಲ, ಚಹಾ ತೋಟಗಳ ಕಡೆ ಹೊರಟರೆ ಪೂರ್ತಿ ಮಾಯ. ನಮ್ಮ ಇ-ಸಿಮ್ಮಿಗೆ ಮಲೇಷಿಯಾದಲ್ಲಿ ಒಪ್ಪಂದವಿದ್ದುದು ಒಂದೇ ಕಂಪನಿಯ ಜೊತೆ. ಆ ಕಂಪನಿಯ ಟವರ್ ಎಲ್ಲಿಲ್ಲವೋ ಅಲ್ಲಿ ನಾವೂ ಇಲ್ಲ. ಪಕ್ಕದಲ್ಲೇ ಬೇರೆ ಕಂಪನಿಯ ಸಿಗ್ನಲ್ ತುಂಬಿದ್ದರೂ ಅದು ನಮಗೆ ದಕ್ಕದು. ಎರಡು ಮೂರು ನೆಟ್‌ವರ್ಕುಗಳ ನಡುವೆ ತಾನಾಗಿ ಬದಲಾಗುವ ಇ-ಸಿಮ್‌ಗಳೂ ಇವೆ. ಪ್ಲ್ಯಾನಿನ ವಿವರದಲ್ಲಿ ನೆಟ್‌ವರ್ಕುಗಳ ಹೆಸರು ಬರೆದಿರುತ್ತಾರೆ. ನಾನು ಜಿಬಿ ನೋಡಿದ್ದೆ, ದಿನ ನೋಡಿದ್ದೆ, ಹಾಟ್‌ಸ್ಪಾಟ್ ನೋಡಿದ್ದೆ, ಆ ಒಂದು ಸಾಲನ್ನು ದಾಟಿ ಹೋಗಿದ್ದೆ.

ಅಪ್ಪನ 25 ರಿಂಗಿಟ್ಟಿನ ಸಿಮ್ ಬೇರೆ ಕಂಪನಿಯದಾಗಿತ್ತು. ಚಹಾ ತೋಟದ ಏಣಿನ ಮೇಲೆ, ಮಂಜು ಇಳಿದು ನಾಲ್ಕು ಸಾಲು ಗಿಡದಾಚೆ ಏನೂ ಕಾಣದಂತಿದ್ದಾಗ, ಅವರು ಶಿರಸಿಯ ಅತ್ತಿಗೆಗೆ ವಿಡಿಯೊ ಕರೆ ಮಾಡಿ ಚಹಾ ಗಿಡಕ್ಕೆ ಇಲ್ಲಿ ಹೇಗೆ ಯಂತ್ರದಲ್ಲಿ ಚಿವುಟುತ್ತಾರೆಂದು ತೋರಿಸುತ್ತಿದ್ದರು. ಕರೆ ಮುಗಿಸಿ ನನ್ನ ಕಡೆ ತಿರುಗಿ, "ನಮ್ಮಲ್ಲಿ ಸಿಗ್ನಲ್ ಬೇಕು ಅಂದ್ರೆ ಗುಡ್ಡ ಹತ್ತಬೇಕು, ನಿಂಗೆ ಗುಡ್ಡ ಹತ್ತಿದ್ರೂ ಸಿಗ್ಲಿಲ್ಲವಲ್ಲೋ" ಎಂದರು. ಆ ಎರಡು ದಿನ ಮೂವರೂ ಅವರ ಹಾಟ್‌ಸ್ಪಾಟಿಗೆ ಜೋತುಬಿದ್ದಿದ್ದೆವು. ಪಾಸ್‌ವರ್ಡ್ ಅವರೇ ಇಟ್ಟುಕೊಂಡದ್ದು, ಕೇಳಿದಾಗಲೆಲ್ಲ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಎಂಟರ ಬಸ್ಸಿಗೆಂದು ಕೌಲಾಲಂಪುರದ ಟಿಬಿಎಸ್ ನಿಲ್ದಾಣದಲ್ಲಿ ಕೂತಿದ್ದಾಗ ನನ್ನ ಇಂಟರ್ನೆಟ್ ನಿಂತಿತು. ಗೀಟುಗಳು ನಾಲ್ಕೂ ಇದ್ದವು. ಡೇಟಾ ಇನ್ನೂ ಮೂರು ಜಿಬಿ ಉಳಿದಿತ್ತು. ಗಡಿಯಾರ ನೋಡಿದೆ: ಏಳು ಹದಿನೆಂಟು. ಚಾಂಗಿಯಲ್ಲಿ ಏಳು ಹದಿನೈದಕ್ಕೆ ಮೊದಲಾದ ಹತ್ತು ದಿನ, ಇಪ್ಪತ್ತನಾಲ್ಕು ಗಂಟೆಗಳ ಹತ್ತು ಕಂತುಗಳಾಗಿ, ಚಾಚೂ ತಪ್ಪದೆ ಮುಗಿದಿತ್ತು. ಹೆಂಡತಿಯದು ಎರಡು ನಿಮಿಷ ತಡವಾಗಿ ನಿಂತಿತು. ಸಿಂಗಪುರದ ಆಗಮನ ಪತ್ರವನ್ನು ಹಿಂದಿನ ರಾತ್ರಿಯೇ ಹೋಟೆಲಿನಲ್ಲಿ ತುಂಬಬೇಕೆಂದುಕೊಂಡಿದ್ದವನು, ಬಸ್ಸಿನಲ್ಲಿ ಐದಾರು ತಾಸು ಸಿಗುತ್ತದಲ್ಲ ಎಂದು ಮಲಗಿಬಿಟ್ಟಿದ್ದೆ.

ಅವಧಿ ವಿಸ್ತರಿಸಬಹುದೇ ಎಂದು ಅಪ್ಪನ ಹಾಟ್‌ಸ್ಪಾಟಿನಲ್ಲಿ ನೋಡಿದೆ. ಒಂದು ದಿನಕ್ಕೆಂದು ವಿಸ್ತರಣೆಯಿಲ್ಲ, ಹೊಸ ಪ್ಲ್ಯಾನೇ ಕೊಳ್ಳಬೇಕು. ಕೈಬಿಟ್ಟು, ಬಸ್ಸಿನಲ್ಲಿ ಅಪ್ಪನ ಪಕ್ಕದ ಸೀಟಿಗೆ ಬಂದು ಕೂತು ನಾಲ್ಕು ಪಾಸ್‌ಪೋರ್ಟುಗಳನ್ನು ಮಡಿಲಲ್ಲಿ ಹರಡಿಕೊಂಡು ತುಂಬತೊಡಗಿದೆ. ರಸ್ತೆಯ ಇಕ್ಕೆಲಗಳಲ್ಲೂ ತಾಳೆಎಣ್ಣೆಯ ತೋಟಗಳು ಮುಗಿಯದೆ ಸರಿಯುತ್ತಿದ್ದವು. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ತಾರೀಖು, ಬರುವ ದಾರಿ, ಹೊರಡುವ ತಾರೀಖು ಎಂದು ಮೂವರದು ಮುಗಿಸಿ ಅಪ್ಪನದು ತುಂಬಲು ಅವರ ಪಾಸ್‌ಪೋರ್ಟಿನ ಕವಚ ಸರಿಸಿದಾಗ ಬಸ್ಸಿನ ಚೀಟಿಯ ಪೊಟ್ಟಣ ನನ್ನ ಕಾಲ ಬುಡಕ್ಕೆ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದೆವು. ಅಪ್ಪ ಅದನ್ನು ಎತ್ತಿ, ಬಿಚ್ಚಿ, ಕಾರ್ಡ್ ಇದೆಯೆಂದು ಖಾತ್ರಿಮಾಡಿಕೊಂಡು, ಮತ್ತೆ ಅದೇ ಮಡಿಕೆಗಳಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡರು. ಯೋಂಗ್ ಪೆಂಗ್‌ನಲ್ಲಿ ಊಟಕ್ಕೆ ನಿಲ್ಲುವ ಹೊತ್ತಿಗೆ ನಾಲ್ಕೂ ಸ್ವೀಕೃತಿಗಳು ಇಮೇಲಿಗೆ ಬಂದಿದ್ದವು. ಅವುಗಳ ಸ್ಕ್ರೀನ್‌ಶಾಟ್ ತೆಗೆದು ಎಲ್ಲರ ಫೋನಿಗೂ ಹಾಕಿದೆ.

ಮಧ್ಯಾಹ್ನ ಸೇತುವೆ ದಾಟಿ, ವುಡ್‌ಲ್ಯಾಂಡ್ಸ್‌ನ ತಪಾಸಣೆ ಮುಗಿಸಿ ಮತ್ತೆ ಬಸ್ಸಿನಲ್ಲಿ ಕೂತಾಗಲೂ ಅಪ್ಪನ ಫೋನಿನ ಮೂಲೆಯಲ್ಲಿ ಮಲೇಷಿಯಾದ ಕಂಪನಿಯ ಹೆಸರೇ ಇತ್ತು, ಎರಡು ಗೀಟು. ಚಾಂಗಿಗೆ ಹೋಗುವ ದಾರಿಯನ್ನು ಅದರಲ್ಲೇ ನೋಡಿಕೊಂಡೆವು. ಬುಕಿತ್ ತಿಮಾ ಹೆದ್ದಾರಿಗೆ ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎರಡು ಒಂದಾಗಿ, ಒಂದು ಇಲ್ಲವಾಯಿತು. ಅಪ್ಪ ಫೋನನ್ನು ಮುಂದಿನ ಸೀಟಿನಲ್ಲಿದ್ದ ಸೊಸೆಯತ್ತ ಚಾಚಿ, "ನಿನ್ನ ಓಲೆ ಕೊಡು" ಎಂದರು.